ಹೆಂಗಸರ ಬಾಗಿಲು

ಆದವಾನಿಯ ಟಾಕೀಸುಗಳಲ್ಲಿ ಬದುಕಿನ ಬಹುಭಾಗ ಮಷೀನು ನಡೆಸಿ, ಈಗ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೇನೆ. ಹೋದ ತಿಂಗಳು ಆಪರೇಟರ್ ಲೈಸೆನ್ಸಿನ ಪರೀಕ್ಷೆಗೆ ಕೂಡುವ ಇಬ್ಬರು ಹೊಸಬರು ನನ್ನನ್ನು ಹುಡುಕಿಕೊಂಡು ಬಂದು, ಏನು ಓದಬೇಕು ಹೇಳಿ ಎಂದರು. ಓದಬೇಕಾದದ್ದು ಪುಸ್ತಕದಲ್ಲಿದೆ, ಅದನ್ನು ನನಗಿಂತ ಅವರೇ ಚೆನ್ನಾಗಿ ಓದಬಲ್ಲರು. ಈ ಕೆಲಸ ನಿಜವಾಗಿ ಹೇಗಿರುತ್ತದೆ, ಅದರಲ್ಲಿ ಮನುಷ್ಯ ಎಲ್ಲಿ ಜಾರುತ್ತಾನೆ ಎಂಬುದು ಮಾತ್ರ ಪುಸ್ತಕದಲ್ಲಿಲ್ಲ. ನಾನು ಯಾವಾಗ ಹೆಡ್ ಆಪರೇಟರ್ ಆದೆ, ಯಾರು ಹಾರ ಹಾಕಿದರು ಎನ್ನುವುದರಿಂದ ಅವರಿಗೆ ಆಗಬೇಕಾದದ್ದು ಏನೂ ಇಲ್ಲ. ಹೇಳಬೇಕಾದದ್ದೆಲ್ಲ ನಾನು ಕೆಲಸ ಕಲಿತ ಮೊದಲ ಹತ್ತು ವರ್ಷಗಳಲ್ಲೇ ನಡೆಯಿತು. ಅದನ್ನೇ ಬರೆಯುತ್ತಿದ್ದೇನೆ.

ಆಗ ಆದವಾನಿ ಬಳ್ಳಾರಿ ಜಿಲ್ಲೆಯಲ್ಲಿತ್ತು, ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ನಾನು ಚೆನ್ನಬಸಪ್ಪನವರ ಹತ್ತಿ ಪ್ರೆಸ್ಸಿನಲ್ಲಿ ಎಣ್ಣೆ ಇಂಜಿನ್ ನೋಡಿಕೊಳ್ಳುವ ಫಿಟ್ಟರ್. ಚೆನ್ನಬಸಪ್ಪನವರು ಹಳೆಯ ಶೈವ ಮನೆತನದವರು, ಹಣೆಯ ತುಂಬ ವಿಭೂತಿ ಹಚ್ಚಿಕೊಂಡೇ ಪ್ರೆಸ್ಸಿಗೆ ಬರುವವರು. ಅಂಥವರಿಗೆ ಸಿನೆಮಾದ ಹುಚ್ಚು ಹೇಗೆ ಹಿಡಿಯಿತೋ ತಿಳಿಯದು. ಪ್ರೆಸ್ಸಿನ ಎದುರಿಗಿದ್ದ ತಮ್ಮ ಹತ್ತಿಯ ಗೋದಾಮನ್ನು ಖಾಲಿ ಮಾಡಿಸಿ, ಒಂದು ಗೋಡೆಗೆ ಬಿಳಿ ಪರದೆ ಕಟ್ಟಿಸಿ, ಟಾಕೀಸು ಮಾಡಿಯೇಬಿಟ್ಟರು. ಗೋದಾಮಿನ ಗೋಡೆ ಮೊಳ ದಪ್ಪ, ಕಿಟಕಿ ಇಲ್ಲ, ಮೇಲೆ ಸತುವಿನ ತಗಡು. ಹತ್ತಿಯನ್ನು ಕಳ್ಳರಿಂದ ಕಾಯುವುದಕ್ಕೆ ಕಟ್ಟಿದ ಕಟ್ಟಡ ಅದು. ಮುಂದೆ ಗಾಡಿ ಹೋಗುವಷ್ಟು ದೊಡ್ಡ ಬಾಗಿಲು, ಪಕ್ಕದ ಓಣಿಗೆ ಒಂದು ಸಣ್ಣ ಬಾಗಿಲು. ದೊಡ್ಡದು ಗಂಡಸರಿಗೆ, ಸಣ್ಣದು ಹೆಂಗಸರಿಗೆ ಎಂದಾಯಿತು.

ಒಂದು ದಿನ ಟಾಕೀಸಿನ ಇಂಜಿನ್ ನಿಂತುಹೋಯಿತು. ನನ್ನನ್ನು ಕರೆಸಿದರು, ಅರ್ಧ ಗಂಟೆಯಲ್ಲಿ ಸರಿ ಮಾಡಿದೆ. ಕೈಯ ಮಸಿ ಒರೆಸಿಕೊಳ್ಳುತ್ತ ಮೇಲೆ ಹತ್ತಿ ಕ್ಯಾಬಿನ್ ಇಣುಕಿದೆ. ಅಲ್ಲಿ ಇಂಗಾಲದ ಎರಡು ಕಡ್ಡಿಗಳ ನಡುವೆ ಹೊತ್ತಿದ ಬೆಳಕು, ಅದರ ಮುಂದೆ ಸರಸರನೆ ಇಳಿಯುವ ಫಿಲ್ಮು, ಕಿಂಡಿಯಾಚೆ ಗೋಡೆಯ ಮೇಲೆ ಕುದುರೆ ಓಡುತ್ತಿತ್ತು. ಆವತ್ತೇ ಮನಸ್ಸಿನಲ್ಲಿ ಪ್ರೆಸ್ಸಿನ ಕೆಲಸ ಬಿಟ್ಟೆ. ಕಾಗದದ ಮೇಲೆ ಬಿಡುವುದಕ್ಕೆ ಮೂರು ತಿಂಗಳು ಹಿಡಿಯಿತು.

ಕ್ಯಾಬಿನ್ನಿನ ದೊರೆ ಖಾದರ್ ಸಾಬರು. ಡೇರೆ ಸಿನೆಮಾದ ಜೊತೆ ಊರೂರು ತಿರುಗಿ ಬಂದವರು. ತೆಳ್ಳಗಿನ ಮೈ, ಕತ್ತರಿಸಿದ ಗಡ್ಡ, ಯಾವಾಗಲೂ ಒಗೆದ ಜುಬ್ಬಾ. ಕೆಲಸ ಕಲಿಸುವಾಗ ಅವರು ಮಾತಾಡುತ್ತಿದ್ದುದು ಕಡಿಮೆ. ಮೊದಲ ದಿನ ಒಂದು ಕೆಲಸ ಮಾಡಿದರು. ಗೇಣುದ್ದ ಫಿಲ್ಮಿನ ತುಂಡನ್ನು ಹಿತ್ತಲಿನ ಕಲ್ಲಿನ ಮೇಲಿಟ್ಟು ಕಡ್ಡಿ ಗೀರಿದರು. ಅದು ಸಿಡಿದು ಹೊತ್ತಿತು. ಚೆಂಬಿನಿಂದ ನೀರು ಹಾಕಿದರು. ನೀರಿನೊಳಗೂ ಉರಿಯಿತು. ಮರಳು ಹಾಕಿದರು. ಮರಳಿನಡಿಯೂ ಹೊಗೆಯಾಡಿತು. ಆಮೇಲೆ ನನ್ನ ಮುಖ ನೋಡಿ ಹೇಳಿದರು:

"ನೋಡ್ದೇನು? ಇದನ್ನ ಆರ್ಸಾಕ ಬರಂಗಿಲ್ಲ. ಹತ್ತದಂಗ ನೋಡ್ಕೊಳ್ಳಾದಷ್ಟ ನಮ್ಮ ಕೆಲ್ಸ. ಹತ್ತಿತು ಅಂದ್ರ ಕಿಂಡಿ ಮುಚ್ಚು, ಬಾಗ್ಲಾ ಹಾಕು, ಹೊರಗ ಬಾ. ಹೀರೋ ಆಗಬ್ಯಾಡ."

ಈಗಿನ ಫಿಲ್ಮು ಹಾಗೆ ಹೊತ್ತುವುದಿಲ್ಲ. ಆಗಿನದು ಬಂದೂಕಿನ ಮದ್ದಿನ ಅಣ್ಣತಮ್ಮ. ಅದನ್ನು ಬೆಂಕಿಯ ಬೆಳಕಿನ ಮುಂದೆಯೇ ಓಡಿಸಬೇಕಾಗಿತ್ತು. ಓಡುತ್ತಿರುವವರೆಗೆ ಏನೂ ಆಗದು, ಒಂದು ಕ್ಷಣ ನಿಂತರೆ ಸುಟ್ಟಿತು. ಅದಕ್ಕಾಗಿಯೇ ಮಷೀನಿನಲ್ಲಿ ಒಂದು ಕಬ್ಬಿಣದ ರೆಪ್ಪೆ ಇರುತ್ತಿತ್ತು. ವೇಗ ತಗ್ಗಿದ ಕೂಡಲೇ ಅದು ತಾನಾಗಿ ಬಿದ್ದು ಬೆಳಕಿಗೆ ಅಡ್ಡ ಬರುತ್ತಿತ್ತು. ಪರದೆ ಕತ್ತಲಾಗುತ್ತಿತ್ತು, ಫಿಲ್ಮು ಉಳಿಯುತ್ತಿತ್ತು. ಈ ರೆಪ್ಪೆಯ ಮಾತು ಮುಂದೆ ಬರುತ್ತದೆ.

ನಾನು ಸೇರಿದಾಗ ಮೂಕಿ ಚಿತ್ರಗಳ ಕೊನೆಯ ಕಾಲ. ಪರದೆಯ ಪಕ್ಕದಲ್ಲಿ ಮದ್ದಿಕೇರದ ತಿಮ್ಮಪ್ಪ ಬೆತ್ತ ಹಿಡಿದು ನಿಂತು ಕಥೆ ಹೇಳುತ್ತಿದ್ದ. ಎಡಕ್ಕೆ ತಿರುಗಿ ತೆಲುಗಿನಲ್ಲಿ, ಬಲಕ್ಕೆ ತಿರುಗಿ ಕನ್ನಡದಲ್ಲಿ. ಜನ ಅರ್ಧ ಚಿತ್ರಕ್ಕೆ ಬರುತ್ತಿದ್ದರು, ಅರ್ಧ ತಿಮ್ಮಪ್ಪನಿಗೆ. ರಾಜ ಸತ್ತರೆ ಅವನು ನಿಜವಾಗಿ ಅಳುತ್ತಿದ್ದ. ಮಾತಾಡುವ ಚಿತ್ರ ಬಂದ ಮೊದಲ ದಿನ ಕೋಟು ಹಾಕಿಕೊಂಡು ತನ್ನ ಜಾಗದಲ್ಲಿ ಬಂದು ನಿಂತ. ಪರದೆ ಮಾತಾಡತೊಡಗಿತು. ಇವನೂ ಅದರ ಮೇಲೆ ಮಾತಾಡಲು ನೋಡಿದ. ಹಿಂದಿನಿಂದ ಯಾರೋ ಕೂಡು ಎಂದರು. ತಿಮ್ಮಪ್ಪ ಕೂಡಲಿಲ್ಲ. ಬೆತ್ತ ಗೋಡೆಗೆ ಒರಗಿಸಿ, ಆಟ ಮುಗಿಯುವವರೆಗೆ ಸುಮ್ಮನೆ ನಿಂತಿದ್ದ.

ಚೆನ್ನಬಸಪ್ಪನವರು ಅವನನ್ನು ಬಿಡಿಸಲಿಲ್ಲ, ಅದು ಅವರ ದೊಡ್ಡತನ. ಬರುತ್ತಿದ್ದ ಚಿತ್ರಗಳಲ್ಲಿ ಬಹಳಷ್ಟು ಹಿಂದಿಯವು, ತಮಿಳಿನವು, ಜನಕ್ಕೆ ಅರ್ಥವಾಗುತ್ತಿರಲಿಲ್ಲ. ಇದ್ದದ್ದು ಒಂದೇ ಮಷೀನು, ಆದ್ದರಿಂದ ಪ್ರತಿ ರೀಲು ಮುಗಿದ ಮೇಲೆ ದೀಪ ಹಾಕಿ ಹೊಸ ರೀಲು ಏರಿಸಬೇಕಾಗಿತ್ತು. ಆ ನಾಲ್ಕು ನಿಮಿಷ ತಿಮ್ಮಪ್ಪನದು. ಮುಂದಿನ ರೀಲಿನಲ್ಲಿ ಏನಾಗುತ್ತದೆ ಎಂದು ಮೊದಲೇ ಹೇಳಿಬಿಡುತ್ತಿದ್ದ, ಜನ ಅದನ್ನು ನೋಡಿ ಖುಷಿಪಡುತ್ತಿದ್ದರು. ಆಮೇಲೆ ಎರಡನೆಯ ಮಷೀನು ಬಂತು. ಒಂದು ರೀಲು ಮುಗಿಯುವಷ್ಟರಲ್ಲಿ ಪಕ್ಕದ ಮಷೀನಿನಲ್ಲಿ ಇನ್ನೊಂದು ಶುರು. ನಾನು ಅದನ್ನು ಎಷ್ಟು ನುಣ್ಣಗೆ ಮಾಡುತ್ತಿದ್ದೆನೆಂದರೆ ಎಲ್ಲಿ ಬದಲಾಯಿತೆಂದು ಖಾದರ್ ಸಾಬರಿಗೂ ತಿಳಿಯುತ್ತಿರಲಿಲ್ಲ. ಈರಣ್ಣನ ಪರದೆ ಕತ್ತಲಾಗುವುದೇ ಇಲ್ಲ ಎಂದು ಊರಲ್ಲಿ ಮಾತಾಯಿತು. ತಿಮ್ಮಪ್ಪನ ನಾಲ್ಕು ನಿಮಿಷ ಹೋಯಿತು. ಮದ್ದಿಕೇರಕ್ಕೆ ಹೊರಡುವ ದಿನ ಕ್ಯಾಬಿನ್ನಿಗೆ ಬಂದು, ನಿನ್ನ ಕೆಲಸ ಛಲೋ ಆತು ಈರಣ್ಣ ಎಂದು ಹೇಳಿ ಹೋದ. ಚುಚ್ಚಿ ಹೇಳಿದ್ದಲ್ಲ, ಮನಸ್ಸಿನಿಂದಲೇ ಹೇಳಿದ.

ಪರದೆಯನ್ನು ಕತ್ತಲಾಗಿಸದ ಆಪರೇಟರ್ ಎಂಬ ಹೆಸರು ತಲೆಗೇರಿದವನಿಗೆ ಬುದ್ಧಿ ಕಲಿಸುವುದಕ್ಕೆ ಒಂದು ಪೆಟ್ಟಿಗೆ ಸಾಕಾಯಿತು. ಮದ್ರಾಸಿನಿಂದ ರೈಲಿನಲ್ಲಿ ಬಂದ ರೀಲಿನ ಪೆಟ್ಟಿಗೆಯನ್ನು ಗಡಿಬಿಡಿಯಲ್ಲಿ ತೆರೆದು, ಆರನೆಯ ರೀಲಿನ ಜಾಗದಲ್ಲಿ ಎಂಟನೆಯದನ್ನು ಹಾಕಿದೆ. ಎಂಟನೆಯದರಲ್ಲಿ ಸಾಯಬೇಕಾದ ತಂದೆ ಮೊದಲೇ ಸತ್ತು, ಆಮೇಲಿನ ರೀಲಿನಲ್ಲಿ ಮಗಳ ಮದುವೆಯಲ್ಲಿ ಕೂತು ಉಂಡ. ಆಟ ಮುಗಿದ ಮೇಲೆ ಹೆಂಗಸರ ಬಾಗಿಲು ಕಾಯುವ ಹಂಪಮ್ಮ ಮೆಟ್ಟಿಲು ಹತ್ತಿ ಬಂದಳು. ಚಿಪ್ಪಗಿರಿ ಕಡೆಯ ಕುರಿ ಕಾಯುವ ಮನೆಯ ಹೆಣ್ಣುಮಗಳು, ಗಂಡ ತೀರಿಕೊಂಡ ಮೇಲೆ ಊರು ಸೇರಿದವಳು. ಗಂಡಸಿನಷ್ಟು ಎತ್ತರ, ದನಿ ಮಾತ್ರ ತಗ್ಗು.

"ಸತ್ತಾಂವ ಬಂದು ಹೆಂಗ ಉಂಡಾ ಈರಣ್ಣ? ನಾ ಅತ್ತಿದ್ದು ಸುಳ್ಳಾತೇನು?" ಎಂದು ಕೇಳಿದಳು.

ಖಾದರ್ ಸಾಬರು ಬೈಯಲಿಲ್ಲ. ಹನ್ನೊಂದೂ ರೀಲುಗಳನ್ನು ಬಿಚ್ಚಿಸಿ, ಕೈಯಲ್ಲಿ ಸುತ್ತಿಸಿ, ಒಂದೊಂದರ ತಲೆಯ ಅಂಕಿಯನ್ನು ಗಟ್ಟಿಯಾಗಿ ಓದಿಸಿದರು. ಅಂದಿನಿಂದ ನಿವೃತ್ತಿಯ ದಿನದವರೆಗೆ ಅಂಕಿಯನ್ನು ಗಟ್ಟಿಯಾಗಿ ಓದದೆ ಒಂದು ರೀಲನ್ನೂ ಏರಿಸಿಲ್ಲ.

ಆ ಹೊತ್ತಿಗೆ ಊರಲ್ಲಿ ಇನ್ನೊಂದು ಟಾಕೀಸು ಏಳುವ ಸುದ್ದಿ ಹಬ್ಬಿತು. ಚೆನ್ನಬಸಪ್ಪನವರು ತಮ್ಮ ಗೋದಾಮನ್ನು ಅದಕ್ಕಿಂತ ಚಂದ ಮಾಡಬೇಕೆಂದು ನಿಶ್ಚಯಿಸಿದರು. ಅವರ ಅಳಿಯ ಮೈಸೂರಿನಲ್ಲಿ ಓದಿದವನು, ಅಲ್ಲಿನ ನಾಟಕ ಶಾಲೆ, ಟಾಕೀಸುಗಳನ್ನು ಬಹಳ ಹೊಗಳುತ್ತಿದ್ದ. ಹೋಗಿ ನೋಡಿಕೊಂಡು ಬಾ ಎಂದು ಚೆನ್ನಬಸಪ್ಪನವರು ನನಗೆ ಹೇಳಿದರು. ಖಾದರ್ ಸಾಬರನ್ನು ಕಳಿಸಿ ಎಂದೆ. ಅವರು ನೋಡಬೇಕಾದ್ದನ್ನೆಲ್ಲ ನೋಡಿದ್ದಾರೆ, ನೀನು ಇನ್ನೂ ಏನೂ ನೋಡಿಲ್ಲ ಎಂದರು. ಗುಂತಕಲ್ಲಿನಲ್ಲಿ ಒಮ್ಮೆ, ಬೆಂಗಳೂರಿನಲ್ಲಿ ಒಮ್ಮೆ ಗಾಡಿ ಬದಲಿಸಿ ಮೈಸೂರು ಸೇರಿದೆ.

ಹನ್ನೆರಡು ದಿನ ಒಂದು ಛತ್ರದಲ್ಲಿದ್ದು, ದಿನಕ್ಕೆ ಎರಡು ಆಟದಂತೆ ನೋಡಿದೆ. ಮಾರುಕಟ್ಟೆಯ ಹತ್ತಿರದ ಟಾಕೀಸು ಮೊದಲು ನಾಟಕ ಶಾಲೆಯಾಗಿತ್ತಂತೆ. ರಂಗದ ಕಂಬಗಳಿಗೆ ಹಚ್ಚಿದ ಚಿನ್ನದ ಬಣ್ಣ ಹಾಗೇ ಇತ್ತು, ಅದರ ನಡುವೆ ಪರದೆ. ಅಲ್ಲಿ ಹಿಂದಿನ ಸಾಲಿನಲ್ಲಿ ಕೂತರೂ ಪಿಸುಮಾತು ಕೇಳುತ್ತಿತ್ತು. ಕಾಲೇಜಿನ ಹಾಸ್ಟೆಲುಗಳಿಗೆ ಹತ್ತಿರವಿದ್ದ ಇನ್ನೊಂದರಲ್ಲಿ ವಿದ್ಯಾರ್ಥಿಗಳೇ ತುಂಬಿರುತ್ತಿದ್ದರು. ಚಿತ್ರ ಕೂದಲೆಳೆಯಷ್ಟು ಮಸುಕಾದರೂ ಕಾಲು ಬಡಿಯುತ್ತಿದ್ದರು. ಅಂಥ ಪ್ರೇಕ್ಷಕರ ಮುಂದೆ ಒಂದು ವಾರ ಮಷೀನು ನಡೆಸಿದರೆ ಯಾವ ಆಪರೇಟರೂ ಪಳಗುತ್ತಾನೆ. ಮೂರನೆಯದರಲ್ಲಿ ಹೆಂಗಸರಿಗೆ ಮಾಳಿಗೆಯಿತ್ತು, ಅದಕ್ಕೇ ಬೇರೆ ಎರಡು ಮೆಟ್ಟಿಲು. ನಾಟಕ ಕಂಪನಿಗಳು ಬಂದಿಳಿಯುವ ದೊಡ್ಡ ಸಭಾಂಗಣವನ್ನೂ ನೋಡಿದೆ. ನಾನು ನಮ್ಮ ಕಡೆಯ ಮಾತಿನಲ್ಲಿ ಐತಿ ಎಂದಾಗಲೆಲ್ಲ ಟಿಕೆಟ್ಟು ಕೊಡುವವರು ನಗುತ್ತಿದ್ದರು, ಆದರೆ ನಾನು ಆಪರೇಟರ್ ಎಂದು ತಿಳಿದ ಮೇಲೆ ಎಲ್ಲ ಕಡೆಯೂ ಕ್ಯಾಬಿನ್ನಿನೊಳಗೆ ಬಿಟ್ಟರು. ಈ ಕೆಲಸದವರಲ್ಲಿ ಆ ಬಳಗದ ಭಾವ ಈಗಲೂ ಇದೆ.

ಕೊನೆಯ ಟಾಕೀಸಿನ ಆಪರೇಟರ್ ಪುಟ್ಟಸ್ವಾಮಯ್ಯ ಎಂಬ ಹಿರಿಯರು. ನಾನು ಅವರ ಮಷೀನು, ಗಾಜು, ಇಂಗಾಲದ ಕಡ್ಡಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದೆ. ಅವರು ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ಖಾಲಿ ಹಾಲಿನ ನಡುವೆ ನಿಲ್ಲಿಸಿದರು.

"ಮಷೀನು ಎಲ್ಲಾ ಕಡೇನೂ ಒಂದೇ ಕಣಪ್ಪ. ಬಾಗಿಲು ಎಣಿಸು. ಯಾವ ಕಡೆ ತೆರೀತವೆ ನೋಡು. ನಿಮ್ಮೂರಲ್ಲಿ ಎಷ್ಟಿವೆ?" ಎಂದರು.

ಎಣಿಸಿದೆ. ಆರಿದ್ದವು, ಆರೂ ಹೊರಕ್ಕೆ ತೆರೆಯುತ್ತಿದ್ದವು. ನಮ್ಮಲ್ಲಿ ಎರಡು, ಎರಡೂ ಒಳಕ್ಕೆ ತೆರೆಯುತ್ತವೆ ಎಂದೆ. ಪುಟ್ಟಸ್ವಾಮಯ್ಯನವರು, ಜನ ನುಗ್ಗಿ ಒತ್ತಿದರೆ ಅವು ತೆರೆಯಲಾರವು ಎಂದು ತಲೆಯಾಡಿಸಿ, ಕಾಫಿ ಕುಡಿಯೋಣ ಬಾ ಎಂದರು.

ಊರಿಗೆ ಬಂದವನೇ ಚೆನ್ನಬಸಪ್ಪನವರ ಮುಂದೆ ಕೂತು ಎಲ್ಲವನ್ನೂ ವರದಿ ಮಾಡಿದೆ. ಚಿನ್ನದ ಬಣ್ಣದ ಕಂಬಗಳು ಅವರಿಗೆ ಹಿಡಿಸಿದವು. ಬಾಗಿಲಿನ ಮಾತು ಬಂದಾಗ ಮುಖ ಗಂಟಾಯಿತು. ಹೆಂಗಸರ ಕಡೆಗೆ ಇನ್ನೊಂದು ಬಾಗಿಲು ಬೇಕೇ ಬೇಕು ಎಂದು ಪಟ್ಟು ಹಿಡಿದೆ. ಹೊಸ ಬಾಗಿಲು ಒಡೆಯಬೇಕಾದ ಗೋಡೆಯಾಚೆ ಚಹಾದಂಗಡಿ, ಗಾಡಿ ಹೊಡೆಯುವವರ ನಿಲ್ದಾಣ. ದೊಡ್ಡ ಮನೆತನದ ಹೆಂಗಸರು ಅಲ್ಲಿ ಇಳಿದರೆ ನಾಳೆಯಿಂದ ಯಾರೂ ತಮ್ಮ ಮನೆಯವರನ್ನು ಕಳಿಸುವುದಿಲ್ಲ ಎಂದು ಅವರ ವಾದ. ಅದರಲ್ಲಿ ಸುಳ್ಳಿರಲಿಲ್ಲ. ಆದವಾನಿಯಲ್ಲಿ ಹೆಂಗಸರು ಸಿನೆಮಾಕ್ಕೆ ಬರುವಂತೆ ಮಾಡಿದ್ದೇ ಅವರು. ಶುಕ್ರವಾರ ಮಧ್ಯಾಹ್ನ ಹೆಂಗಸರಿಗೆ ಮಾತ್ರ ಆಟ, ಆವತ್ತು ಗಂಡಸರ ಬಾಗಿಲಿಗೆ ಹೊರಗಿನಿಂದ ಸರಪಳಿ. ಆ ಸರಪಳಿಯ ಭರವಸೆಯ ಮೇಲೆಯೇ ಮನೆಗಳ ಹಿರಿಯರು ಸೊಸೆಯಂದಿರನ್ನು ಕಳಿಸುತ್ತಿದ್ದರು.

ಎರಡು ವಾರ ಬೆನ್ನು ಬಿಡಲಿಲ್ಲ. ಕೊನೆಗೆ ಅವರು ಅರ್ಧ ಒಪ್ಪಿದರು. ಹೊಸ ಬಾಗಿಲು ಬೇಡ, ಇರುವ ಹೆಂಗಸರ ಬಾಗಿಲಿನ ಕೀಲು ಬದಲಿಸಿ ಹೊರಕ್ಕೆ ತೆರೆಯುವಂತೆ ಮಾಡಿಕೊ ಎಂದರು. ಬಡಗಿಯ ಜೊತೆ ನಿಂತು ಮಾಡಿಸಿದೆ. ಓಣಿ ಇಕ್ಕಟ್ಟಾಗಿ ಹಂಪಮ್ಮ ಒಂದು ವಾರ ನನ್ನ ಮೇಲೆ ಸಿಟ್ಟಾಗಿದ್ದಳು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. ಯುದ್ಧ ಎಲ್ಲಿಯೋ ನಡೆಯಿತು, ನಮಗೆ ತಟ್ಟಿದ್ದು ಎಣ್ಣೆಯ ರೂಪದಲ್ಲಿ. ಒಳ್ಳೆಯ ಎಣ್ಣೆ ಸಿಗದು, ಸಿಕ್ಕಿದ್ದರಲ್ಲಿ ನೀರು, ಕಸ. ಇಂಜಿನ್ ಕೆಮ್ಮುತ್ತಿತ್ತು, ಉಸಿರು ಬಿಡುತ್ತಿತ್ತು, ಮತ್ತೆ ಓಡುತ್ತಿತ್ತು. ಅದು ಕೆಮ್ಮಿದಾಗಲೆಲ್ಲ ಮಷೀನಿನ ವೇಗ ತಗ್ಗಿ ಕಬ್ಬಿಣದ ರೆಪ್ಪೆ ಬೀಳುತ್ತಿತ್ತು. ಪರದೆ ಕತ್ತಲು, ಜನರ ಸಿಳ್ಳೆ. ಒಂದು ಆಟದಲ್ಲಿ ಹತ್ತು ಹನ್ನೆರಡು ಸಲ. ಊರಿನ ಹೊಸ ಟಾಕೀಸಿನಲ್ಲಿ ಹೀಗಾಗುವುದಿಲ್ಲ ಎಂದು ಚೆನ್ನಬಸಪ್ಪನವರು ಕ್ಯಾಬಿನ್ನಿಗೆ ಬಂದು ಹೇಳಿ ಹೋದರು. ಖಾದರ್ ಸಾಬರು ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಆ ಸಿಳ್ಳೆ ಎದೆಗೇ ಬೀಳುತ್ತಿತ್ತು. ಈರಣ್ಣನ ಪರದೆ ಕತ್ತಲಾಗುವುದಿಲ್ಲ ಎಂದು ಊರೇ ಹೇಳಿತ್ತಲ್ಲ.

ಶುಕ್ರವಾರ ಮಧ್ಯಾಹ್ನ ಖಾದರ್ ಸಾಬರು ಜುಮ್ಮಾ ನಮಾಜಿಗೆ ಹೋಗುತ್ತಿದ್ದರು, ಹೆಂಗಸರ ಆಟ ನನ್ನೊಬ್ಬನದು. ಒಂದು ಶುಕ್ರವಾರ, ಅವರು ಮೆಟ್ಟಿಲು ಇಳಿದ ಮೇಲೆ, ತೆಳ್ಳಗಿನ ತಂತಿಯಿಂದ ಎರಡೂ ಮಷೀನಿನ ರೆಪ್ಪೆಗಳನ್ನು ಎತ್ತಿ ಕಟ್ಟಿದೆ. ಇಂಜಿನ್ ಕೆಮ್ಮಿತು, ಚಿತ್ರ ಸ್ವಲ್ಪ ತಡವರಿಸಿತು, ಕತ್ತಲಾಗಲಿಲ್ಲ. ಆಟ ಮುಗಿದ ಮೇಲೆ ತಂತಿ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಮುಂದಿನ ಶುಕ್ರವಾರವೂ ಹಾಗೇ. ಬಾಗಿಲಿಗಾಗಿ ಯಜಮಾನರ ಜೊತೆ ಎರಡು ವಾರ ಜಗಳವಾಡಿದವನೂ ನಾನೇ, ತಂತಿ ಕಟ್ಟಿದವನೂ ನಾನೇ. ಆಗ ಇವೆರಡೂ ನನ್ನ ತಲೆಯಲ್ಲಿ ಒಂದನ್ನೊಂದು ಮುಟ್ಟಲೇ ಇಲ್ಲ. ಹೊಸಬರಿಗೆ ನಾನು ಹೇಳಬೇಕೆಂದಿರುವುದು ಇದನ್ನೇ: ದಡ್ಡತನದಿಂದ ಆದ ತಪ್ಪಲ್ಲ ಅದು, ಕೆಲಸದ ಮೇಲಿನ ಹೆಮ್ಮೆಯಿಂದ ಆದದ್ದು.

ಮೂರನೆಯ ಶುಕ್ರವಾರ ನನ್ನ ಹೆಂಡತಿ ಶಾಂತವ್ವ ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ಆಟಕ್ಕೆ ಬಂದಿದ್ದಳು. ಮೂರನೆಯ ಸಾಲಿನಲ್ಲಿ ಕೂತದ್ದನ್ನು ಕಿಂಡಿಯಿಂದ ನೋಡಿದ್ದೆ. ಹಾಲ್ ತುಂಬಿತ್ತು. ಏಳನೆಯ ರೀಲು ಓಡುತ್ತಿತ್ತು. ಇಂಜಿನ್ ಕೆಮ್ಮಿತು. ಅದೇ ಕ್ಷಣಕ್ಕೆ ಫಿಲ್ಮಿನ ಅಂಚಿನ ಒಂದು ತೂತು ಹರಿದು, ಫಿಲ್ಮು ಬೆಳಕಿನ ಮುಂದೆ ನಿಂತುಬಿಟ್ಟಿತು. ಪರದೆಯ ಮೇಲೆ ನಾಯಕಿಯ ಕೆನ್ನೆಯಲ್ಲಿ ಕಂದು ಬಣ್ಣದ ಬೊಕ್ಕೆ ಎದ್ದದ್ದು ಕಂಡಿತು. ಅದು ಹರಡಿ ಬಿಳಿಯಾಗುವಷ್ಟರಲ್ಲಿ ಉರಿ ಮೇಲಿನ ರೀಲಿನ ಡಬ್ಬಿಗೆ ಏರಿತ್ತು. ರೆಪ್ಪೆ ಬಿದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ತಂತಿಗೆ ಕೈ ಹಾಕಿದೆ. ಅದು ಕೆಂಪಗೆ ಕಾದಿತ್ತು, ಬೆರಳಿನ ಚರ್ಮ ಅದಕ್ಕೆ ಅಂಟಿತು. ಖಾದರ್ ಸಾಬರ ಮಾತು ನೆನಪಾಯಿತು. ಕಿಂಡಿಗಳ ಮೇಲಿನ ಕಬ್ಬಿಣದ ಮುಚ್ಚಳಗಳನ್ನು ಬೀಳಿಸಿದೆ. ಒಂದು ಬಿತ್ತು. ಇನ್ನೊಂದು ಅರ್ಧಕ್ಕೆ ಸಿಕ್ಕಿಕೊಂಡಿತು, ಸುಟ್ಟ ಅಂಗೈಯಿಂದಲೇ ಗುದ್ದಿ ಇಳಿಸಿದೆ. ಅಷ್ಟರಲ್ಲಿ ಅದರಿಂದ ಹಳದಿ ಹೊಗೆ ಹಾಲಿಗೆ ಇಳಿದಾಗಿತ್ತು. ಹೊರಗೆ ಬಂದು ಕ್ಯಾಬಿನ್ನಿನ ಬಾಗಿಲು ಹಾಕಿ ಅಗುಳಿ ಜಡಿದೆ. ಒಳಗೆ ರೀಲುಗಳು ಒಂದೊಂದಾಗಿ ಭುಸುಗುಟ್ಟುತ್ತಿದ್ದವು. ಕ್ಯಾಬಿನ್ ಇಟ್ಟಿಗೆಯದು, ಅದರ ಮೇಲೆ ತಗಡಿನ ಬದಲು ಕಲ್ಲು ಚಪ್ಪಡಿ ಹಾಕಿಸಿದ್ದವರು ಖಾದರ್ ಸಾಬರು. ಬೆಂಕಿ ಅಲ್ಲಿಯೇ ಉಳಿಯಿತು. ಆದರೆ ಹೊಗೆಯನ್ನು ನೋಡಿದ ಜನಕ್ಕೆ ಅದು ತಿಳಿಯುವುದು ಹೇಗೆ?

ಹಾಲಿನೊಳಗೆ ಆಗ ನಡೆದದ್ದನ್ನು ನಾನು ನೋಡಲಿಲ್ಲ, ಶಾಂತವ್ವ ಆಮೇಲೆ ಹೇಳಿದಳು. ಎಲ್ಲರೂ ಎದ್ದರು. ಹತ್ತಿರವಿದ್ದ ಕೆಲವರು ದೊಡ್ಡ ಬಾಗಿಲಿಗೆ ಓಡಿದರು, ಅದಕ್ಕೆ ಸರಪಳಿ. ಉಳಿದವರು ಸಣ್ಣ ಬಾಗಿಲಿನತ್ತ ನುಗ್ಗಿದರು. ಅಲ್ಲಿ ಹಂಪಮ್ಮ ಬಾಗಿಲನ್ನು ಓಣಿಗೆ ತಳ್ಳಿ ತೆರೆದು, ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು. ಅವಳು ಕೂಗಲಿಲ್ಲ. ಮೊದಲು ಬಂದ ಇಬ್ಬರ ರಟ್ಟೆ ಹಿಡಿದು ಒಬ್ಬರ ಹಿಂದೆ ಒಬ್ಬರನ್ನಾಗಿ ಮಾಡಿ ಹೊರಗೆ ಬಿಟ್ಟಳು. ನಡುವೆ ನುಗ್ಗಿದವಳೊಬ್ಬಳನ್ನು ಅಂಗೈಯಿಂದ ತಡೆದಳು. ಆಡಿದ್ದು ಅದೇ ತಗ್ಗಿನ ದನಿಯಲ್ಲಿ, ಒಂದೇ ಸಮನೆ:

"ಓಡಬ್ಯಾಡ್ರಿ ಅವ್ವ. ಕೂಸಿನ್ನ ಮ್ಯಾಲೆ ಎತ್ಕೊಳ್ರಿ. ಮುಂದಿನಾಕಿ ಸೆರಗ ಹಿಡೀರಿ. ಬಾಗ್ಲಾ ತೆರದೈತಿ, ನಾ ಇಲ್ಲೇ ಅದೀನಿ."

ಎರಡನೆಯ ಸಲ ತೆಲುಗಿನಲ್ಲಿ ಹೇಳುತ್ತಿದ್ದಳಂತೆ, ಮತ್ತೆ ಕನ್ನಡದಲ್ಲಿ. ಹಟ್ಟಿಯ ಬಾಯಿಯಲ್ಲಿ ಹೆದರಿದ ಕುರಿಗಳನ್ನು ಹಿಂದಿನಿಂದ ಅಟ್ಟಿದರೆ ಒಂದರ ಮೇಲೊಂದು ಬಿದ್ದು ಸಾಯುತ್ತವೆ, ಮುಂದಿನ ನಾಲ್ಕನ್ನು ಸಮಾಧಾನದಿಂದ ನಡೆಸಿದರೆ ಉಳಿದವು ಹಿಂದೆ ಬರುತ್ತವೆ ಎಂದು ಅವಳು ಆಮೇಲೆ ನನಗೆ ವಿವರಿಸಿದಳು. ಅದಕ್ಕಿಂತ ದೊಡ್ಡ ವಿವರಣೆ ಅವಳ ಹತ್ತಿರ ಇರಲಿಲ್ಲ.

ಪ್ರೆಸ್ಸಿನಿಂದ ಓಡಿಬಂದ ಚೆನ್ನಬಸಪ್ಪನವರು ಸರಪಳಿಯ ಬೀಗದ ಕೈ ಸಿಗದೆ, ಹಮಾಲರಿಂದ ಹಾರೆ ಹಾಕಿಸಿ ಕೊಂಡಿಯನ್ನೇ ಕಿತ್ತರು. ಅಷ್ಟು ಹೊತ್ತಿಗೆ ಹಾಲಿನ ಬಹುಪಾಲು ಸಣ್ಣ ಬಾಗಿಲಿನಿಂದಲೇ ಹೊರಗೆ ಬಂದಿತ್ತು. ಒಬ್ಬ ಮುದುಕಿಯ ಕಾಲ್ಬೆರಳು ಮುರಿದಿತ್ತು. ನೆಲದ ತುಂಬ ಒಡೆದ ಬಳೆಗಳು. ಜೀವ ಒಂದೂ ಹೋಗಲಿಲ್ಲ.

ನಾನು ಓಣಿಗೆ ಬಂದು ಒಂದೊಂದು ಮುಖವನ್ನೂ ನೋಡುತ್ತ ಹೋದೆ. ಎಲ್ಲ ಸೀರೆಗಳೂ ಶಾಂತವ್ವನ ಸೀರೆಯಂತೆ ಕಾಣುತ್ತಿದ್ದವು. ಕಟ್ಟಡ ಸುತ್ತಿ ಆಚೆ ಬದಿಗೆ ಬಂದರೆ, ಚಹಾದಂಗಡಿಯ ಕಟ್ಟೆಯ ಮೇಲೆ ಅವಳು ಕೂತಿದ್ದಳು. ಮಗು ನಿದ್ದೆ ಹೋಗಿತ್ತು. ಗಾಡಿ ಹೊಡೆಯುವವರು ದೂರ ಸರಿದು, ಬೆನ್ನು ತಿರುಗಿಸಿ ನಿಂತಿದ್ದರು. ಚೆನ್ನಬಸಪ್ಪನವರು ಹೆದರಿದ್ದ ಜಾಗ ಅದು, ಹೆದರಿದ್ದ ಜನ ಅವರು. ನನ್ನ ಕೈ ಸುಟ್ಟದ್ದನ್ನು ಮೊದಲು ಕಂಡವಳು ಶಾಂತವ್ವ. ಅಲ್ಲಿಯವರೆಗೆ ನನಗೆ ನೋವೇ ಗೊತ್ತಾಗಿರಲಿಲ್ಲ.

ಮಾರನೆಯ ದಿನ ಬೂದಿಯೊಳಗಿಂದ ಖಾದರ್ ಸಾಬರು ಮಷೀನಿನ ತಲೆಯನ್ನು ಎತ್ತಿದರು. ರೆಪ್ಪೆ ಮೇಲೆ ನಿಂತಿತ್ತು, ತಂತಿ ಸುತ್ತಿತ್ತು. ತಂತಿಯನ್ನು ಬಿಚ್ಚಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು. ಬಳ್ಳಾರಿಯಿಂದ ಟಾಕೀಸುಗಳ ತಪಾಸಣೆಯ ಇನ್ಸ್‌ಪೆಕ್ಟರ್ ಬರುವವರಿದ್ದರು. ಫಿಲ್ಮು ಹಳೆಯದು, ಕಳಿಸಿದವರ ತಪ್ಪು ಎಂದು ಬರೆಸುವುದಕ್ಕೆ ಚೆನ್ನಬಸಪ್ಪನವರ ಗುಮಾಸ್ತರು ಕಾಗದ ಸಿದ್ಧ ಮಾಡಿದ್ದರು. ಅದು ನಂಬುವಂಥ ಮಾತೇ. ಹೆಡ್ ಆಪರೇಟರ್ ಎಂದು ಅದಕ್ಕೆ ಸಹಿ ಹಾಕಬೇಕಾದವರು ಖಾದರ್ ಸಾಬರು. ಸಾಯಂಕಾಲ ನನ್ನ ಮನೆಗೆ ಬಂದು, ಕಟ್ಟು ಕಟ್ಟಿದ ನನ್ನ ಕೈಗಳನ್ನು ನೋಡಿ, ಪಕ್ಕದಲ್ಲಿ ಕೂತರು.

"ನಾನಾಗಿ ಹೇಳಂಗಿಲ್ಲ ಈರಣ್ಣ. ಕೇಳಿದ್ರ ಸುಳ್ಳೂ ಹೇಳಂಗಿಲ್ಲ," ಎಂದಷ್ಟೇ ಹೇಳಿ ಎದ್ದುಹೋದರು.

ಅವರು ಹೋದ ಮೇಲೆ ಶಾಂತವ್ವನಿಗೆ ತಂತಿಯ ವಿಷಯ ಹೇಳಿದೆ. ಮಗುವಿಗೆ ಹಾಲು ಕುಡಿಸುತ್ತಿದ್ದಳು. ಕೆಲಸ ಹೋದರೆ ಪ್ರೆಸ್ಸಿನಲ್ಲಿಯೂ ಯಜಮಾನರು ಇಟ್ಟುಕೊಳ್ಳಲಿಕ್ಕಿಲ್ಲ ಎಂದೆ. ಅವಳು ಮಗುವಿನ ಮುಖದಿಂದ ಕಣ್ಣು ತೆಗೆಯದೆ ಹೇಳಿದಳು:

"ನಾ ಆ ಬಾಗಲ್ದಾಗ ಹಾದು ಬಂದಾಕಿ. ನನ್ನ ಮುಂದ ಹೇಳಿದ್ರಲ್ಲ, ತಪಾಸಣಿಗೆ ಬರಾವ್ರ ಮುಂದೂ ಹೇಳ್ರಿ."

ಇನ್ಸ್‌ಪೆಕ್ಟರ್ ತೆಲುಗಿನವರು, ವಯಸ್ಸಾದವರು. ಪ್ರೆಸ್ಸಿನ ಕಚೇರಿಯಲ್ಲಿ ಕೂತು ಗುಮಾಸ್ತರ ಕಾಗದ ಓದಿದರು. ಓದಿ ಮುಗಿಸಿ, ರೆಪ್ಪೆ ಯಾಕೆ ಬೀಳಲಿಲ್ಲ ಎಂದು ಖಾದರ್ ಸಾಬರನ್ನು ಕೇಳಿದರು. ಖಾದರ್ ಸಾಬರು ಜೇಬಿಗೆ ಕೈ ಹಾಕಿದರು. ಅವರು ಕೈ ತೆಗೆಯುವ ಮೊದಲೇ ನಾನು ಮುಂದೆ ಬಂದು, ತಂತಿ ಕಟ್ಟಿತ್ತು ಸಾರ್ ಎಂದೆ.

"ಎವರು ಕಟ್ಟಿನಾರು?" ಎಂದು ಅವರು ಕೇಳಿದರು.

"ನೇನೇ ಸಾರ್. ನಾನೇ ಕಟ್ಟಿದ್ದು."

ಯಾಕೆ ಕಟ್ಟಿದೆ ಎಂದು ಕೇಳಿದರು. ಪರದೆ ಕತ್ತಲಾಗಬಾರದು ಎಂದು, ಅಂದೆ. ಅವರು ಗುಮಾಸ್ತರ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟು, ಬೇರೆ ಹಾಳೆ ತೆಗೆದು ತಾವೇ ಬರೆಯತೊಡಗಿದರು. ಆರು ತಿಂಗಳು ನನ್ನ ಲೈಸೆನ್ಸು ಅಮಾನತು. ಗಂಡಸರ ಬಾಗಿಲಿಗೆ ಇನ್ನು ಸರಪಳಿ ಇಲ್ಲ. ಹೆಂಗಸರ ಕಡೆಗೆ ಹೊಸ ಬಾಗಿಲು ಆಗುವವರೆಗೆ ಟಾಕೀಸು ತೆರೆಯುವಂತಿಲ್ಲ. ಹೋಗುವ ಮುಂಚೆ ಓಣಿಗೆ ಬಂದು, ಹೊರಕ್ಕೆ ತೆರೆದ ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡಿದರು. ಇದನ್ನು ಯಾರು ಮಾಡಿಸಿದರು ಎಂದು ಕೇಳಿದರು. ಅದನ್ನೂ ಈರಣ್ಣನೇ ಎಂದು ಖಾದರ್ ಸಾಬರು ಹೇಳಿದರು.

ಚೆನ್ನಬಸಪ್ಪನವರು ಮೂರು ದಿನ ನನ್ನ ಮುಖ ನೋಡಲಿಲ್ಲ. ನಾಲ್ಕನೆಯ ದಿನ ಕರೆಸಿದರು. ಗೌಂಡಿಯವನು ಸುತ್ತಿಗೆ ಹಿಡಿದು ಹಾಲಿನೊಳಗೆ ನಿಂತಿದ್ದ. ಯಜಮಾನರ ಕೈಯಲ್ಲಿ ಇದ್ದಿಲಿನ ತುಂಡು.

"ಮೈಸೂರಾಗ ನೋಡಿ ಬಂದಾಂವ ನೀನು. ಎಲ್ಲಿ ಒಡೀಬೇಕು, ಗೆರಿ ಹಾಕು," ಎಂದರು.

ನನ್ನ ಬೆರಳು ಇನ್ನೂ ಮಡಚುತ್ತಿರಲಿಲ್ಲ. ಹೇಗೋ ಹಿಡಿದು ಗೆರೆ ಎಳೆದೆ. ನಾನು ಎಳೆದದ್ದು ಇದ್ದ ಬಾಗಿಲಿಗಿಂತ ಒಂದು ಮೊಳ ಅಗಲ. ಅವರು ಇದ್ದಿಲು ಇಸಿದುಕೊಂಡು ಅದನ್ನು ಇನ್ನೊಂದು ಮೊಳ ಅಗಲ ಮಾಡಿದರು. ಆ ಆರು ತಿಂಗಳು ಪ್ರೆಸ್ಸಿನ ಇಂಜಿನ್ ನೋಡಿಕೊಂಡಿದ್ದೆ, ಅವರೇ ಇಟ್ಟುಕೊಂಡರು.

ಲೈಸೆನ್ಸು ತಿರುಗಿ ಬಂದದ್ದು ಒಂದು ಗುರುವಾರ. ಮಾರನೆಯ ದಿನ ಹೆಂಗಸರ ಆಟ. ಚಹಾದಂಗಡಿಯ ಕಡೆಯ ಹೊಸ ಬಾಗಿಲಿನಿಂದಲೂ ಹೆಂಗಸರು ಬಂದರು, ದೊಡ್ಡ ಮನೆತನದವರೂ ಬಂದರು. ಮಷೀನು ಹೊಸದಾಗಿತ್ತು, ಇಂಜಿನ್ ಅದೇ, ಎಣ್ಣೆ ಅದೇ. ನಮಾಜಿನ ಹೊತ್ತಾಯಿತು. ಇನ್ನೊಬ್ಬರನ್ನು ಕ್ಯಾಬಿನ್ನಿನಲ್ಲಿ ಕೂಡಿಸಿ ಹೋಗುತ್ತಾರೆ ಎಂದುಕೊಂಡಿದ್ದೆ. ಖಾದರ್ ಸಾಬರು ಟೋಪಿ ಹಾಕಿಕೊಂಡು, ಹೋಗಿ ಬರ್ತೀನಿ ಎಂದು ಎಂದಿನಂತೆ ಹೇಳಿ ಮೆಟ್ಟಿಲು ಇಳಿದುಹೋದರು. ನಾನೊಬ್ಬನೇ ಉಳಿದೆ.

ಮೂರನೆಯ ರೀಲಿನಲ್ಲಿ ಇಂಜಿನ್ ಕೆಮ್ಮಿತು. ರೆಪ್ಪೆ ಬಿತ್ತು. ಪರದೆ ಕತ್ತಲಾಯಿತು. ಕೆಳಗೆ ಗುಜುಗುಜು ಎದ್ದಿತು, ಮಗುವೊಂದು ಅತ್ತಿತು. ಓಣಿಯ ಕಡೆಯಿಂದ ಹಂಪಮ್ಮನ ತಗ್ಗಿನ ದನಿ ಕೇಳಿಸಿತು, ಏನಿಲ್ಲ, ಕೂತ್ಕೊಳ್ರಿ ಎನ್ನುತ್ತಿದ್ದಳು. ಇಂಜಿನ್ ಉಸಿರು ಹಿಡಿದು ಮತ್ತೆ ವೇಗಕ್ಕೆ ಬರುವವರೆಗೆ ನಾನು ಮಷೀನಿನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಆ ಆಟದಲ್ಲಿ ಒಟ್ಟು ಒಂಬತ್ತು ಸಲ ಹಾಗಾಯಿತು. ಒಂಬತ್ತು ಸಲವೂ ಪರದೆಯನ್ನು ಕತ್ತಲಾಗಲು ಬಿಟ್ಟೆ.